ಮೂರು ಗಂಟೆಯ ಹೊಡೆದಾಟ

ಟ್ರಾಯ್, ಮಿಶಿಗನ್
11 ಜನವರಿ 1982

ನಿರುಪಮಾ,

ನಿನಗೆ ಕೊನೆಯ ಸಲ ಯಾವಾಗ ಕಾಗದ ಬರೆದೆನೋ ನೆನಪಿಲ್ಲ. ನಿಮ್ಮಮ್ಮ ಇದ್ದಾಗ ಅವಳೇ ಬರೆಯುತ್ತಿದ್ದಳು, ನಾನು ಕೆಳಗೊಂದು ಸಹಿ ಹಾಕುತ್ತಿದ್ದೆ. ಅವಳು ಹೋಗಿ ನಾಲ್ಕು ವರ್ಷವಾಯಿತು. ಆಮೇಲೆ ಹಬ್ಬಕ್ಕೊಂದು ಫೋನು, ಅದರಲ್ಲಿ ಚಳಿ, ಆರೋಗ್ಯ, ಮುಗಿಯಿತು. ಅಕ್ಟೋಬರ್‌ನಲ್ಲಿ ನಿನ್ನ ತಮ್ಮನ ಮನೆಗೆ ಬಂದ ಮೇಲೂ ಹಾಗೇ ನಡೆದಿದೆ. ಈಗ ಸೊಸೆ ಇಂದು, "ಮಾವ, ಲಾಂಗ್ ಡಿಸ್ಟೆನ್ಸ್ ಕಾಲ್ ಸ್ವಲ್ಪ ಕಮ್ಮಿ ಮಾಡ್ಬೇಕು, ನಿರುಪಮಕ್ಕನಿಗೆ ನೀವೇ ಕಾಗದ ಬರೀರಿ" ಎಂದು ಕವರು, ಸ್ಟಾಂಪು ತಂದುಕೊಟ್ಟಿದ್ದಾಳೆ. ಸೊಸೆಯ ಮಾತು ಮೀರುವಂತಿಲ್ಲ.

ಮೊದಲು ಸುರೇಶನ ಸುದ್ದಿ. ಅವನ ಕೆಲಸ ಹೋಗಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ ಡ್ರಾಯಿಂಗ್ ಆಫೀಸಿನ ಹನ್ನೊಂದು ಜನರನ್ನು ಒಟ್ಟಿಗೆ ಮನೆಗೆ ಕಳಿಸಿದರಂತೆ. ನಿನಗೆ ಹೇಳಬೇಡ ಎಂದಿದ್ದ, ಹೇಳುತ್ತಿದ್ದೇನೆ. ಅವನು ಯಾರನ್ನೂ ಬೈಯುವುದಿಲ್ಲ. ಬೆಳಗ್ಗೆ ಸೊಸೆ ಆಸ್ಪತ್ರೆಯ ಲ್ಯಾಬಿಗೆ ಹೊರಡುತ್ತಾಳೆ, ಮೊಮ್ಮಗಳು ಮಾನ್ಯಾ ಸ್ಕೂಲ್ ಬಸ್ಸು ಹತ್ತುತ್ತಾಳೆ, ಇವನು ಬೇಸ್‌ಮೆಂಟಿಗೆ ಇಳಿದು ಕೂರುತ್ತಾನೆ. ಹೊರಗೆ ಸೊನ್ನೆಗಿಂತ ಕೆಳಗೆ ಎಂಟು ಡಿಗ್ರಿ. ನಾನು ಮೇಲೆ, ಅವನು ಕೆಳಗೆ. ಹೀಗೆ ಆರು ವಾರ.

ಹೊತ್ತು ಹೋಗದೆ ಟಿವಿ ಹಾಕಿಕೊಂಡೆ. ಮಧ್ಯಾಹ್ನ ಮೂರು ಗಂಟೆಗೆ ಒಂದು ಹಳೆಯ ಕೌಬಾಯ್ ಧಾರಾವಾಹಿ ಬರುತ್ತದೆ, ಕಪ್ಪು ಬಿಳುಪಿನದು, ಇಪ್ಪತ್ತು ವರ್ಷದ ಹಿಂದೆ ತೆಗೆದದ್ದಂತೆ. ಮಾತು ನನಗೆ ತಿಳಿಯುವುದಿಲ್ಲ. ಮೈಸೂರಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಫಿಟ್ಟರಾಗಿ ನಾನು ಕಲಿತ ಇಂಗ್ಲಿಷು ನಟ್ಟು, ಬೋಲ್ಟು, ಸ್ಪ್ಯಾನರು. ಆದರೆ ಹೊಡೆದಾಟಕ್ಕೆ ಭಾಷೆ ಯಾಕೆ? ದಿನಾ ಬೆಳಗ್ಗೆ ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಹೇಳಿಕೊಟ್ಟವನಿಗೆ ಅದು ಚೆನ್ನಾಗಿಯೇ ತಿಳಿಯುತ್ತದೆ.

ಶುಕ್ರವಾರ ಒಂದು ಹೆಂಡದಂಗಡಿಯಲ್ಲಿ ಜಗಳ ಹತ್ತಿತು. ಒಬ್ಬ ಎತ್ತರದವನು, ಏಳು ಜನ ಅವನ ಮೇಲೆ. ಒಂದು ಗುದ್ದಿಗೆ ಒಬ್ಬ ಮೇಜಿನ ಮೇಲೆ ಈ ಕೊನೆಯಿಂದ ಆ ಕೊನೆಗೆ ಜಾರಿಕೊಂಡು ಹೋದ, ದಾರಿಯಲ್ಲಿದ್ದ ಗ್ಲಾಸೆಲ್ಲ ಗುಡಿಸಿಕೊಂಡು. ಇನ್ನೊಬ್ಬ ಕನ್ನಡಿಗೆ ಬಿದ್ದ. ಪಿಯಾನೊ ನುಡಿಸುವವನು ಮಾತ್ರ ತಲೆ ತಗ್ಗಿಸಿಕೊಂಡು ನುಡಿಸುತ್ತಲೇ ಇದ್ದ. ಎತ್ತರದವನ ಕಾಲು ನೆಲಕ್ಕೆ ಊರಿಯೇ ಇಲ್ಲ, ಸೊಂಟ ತಿರುಗುವುದಿಲ್ಲ, ಬರೀ ತೋಳು. ಆ ಗುದ್ದಿಗೆ ನಮ್ಮ ಗರಡಿಯ ಚಿಕ್ಕ ಹುಡುಗನೂ ಬೀಳುವುದಿಲ್ಲ. ನಾನು ಒಬ್ಬನೇ ಕೂತು ಜೋರಾಗಿ ನಕ್ಕೆ.

ಸುರೇಶ ಕೆಳಗಿನಿಂದ ಓಡಿ ಬಂದ. "ಅಪ್ಪಾ, ಏನ್ ಸೌಂಡದು? ಬಿದ್ಯಾ?"

"ನಾನಲ್ಲ ಕಣೋ. ಏಳು ಜನ ಬಿದ್ದವ್ರೆ. ಕೂತ್ಕೋ."

ಕೂತ. ಕೊನೆಯವರೆಗೂ ನೋಡಿದ. ಇದು ಸಣ್ಣ ವಿಷಯ, ಆದರೆ ನಿನಗೆ ಬರೆಯಬೇಕು ಅನ್ನಿಸಿತು. ಶ್ರೀಧರ್ ಅವರಿಗೂ ಮೊಮ್ಮಗಳು ಧೃತಿಗೂ ಆಶೀರ್ವಾದ.

ನಿನ್ನ ತಂದೆ,
ಶಿವರಾಮು

*

ಲಿಸ್ಲ್, ಇಲಿನಾಯ್
26 ಜನವರಿ 1982

ಅಪ್ಪನಿಗೆ ನಿರುಪಮಾಳ ನಮಸ್ಕಾರ.

ಕಾಗದ ತಲುಪಿತು. ಕವರಿನ ಮೇಲೆ ನಿಮ್ಮ ಅಕ್ಷರ ಕಂಡು ಗಾಬರಿಯಾಯಿತು, ಏನೋ ಕೆಟ್ಟ ಸುದ್ದಿ ಅಂದುಕೊಂಡೆ. ಸುರೇಶನ ವಿಷಯ ನನಗೆ ಗೊತ್ತಿರುವುದಾಗಿ ಅವನಿಗೆ ಹೇಳುವುದಿಲ್ಲ. ಶ್ರೀಧರ್ ಆಫೀಸಿನಲ್ಲೂ ಒಂದು ಫ್ಲೋರ್ ಪೂರ್ತಿ ಖಾಲಿಯಾಗಿದೆ. ಇವರದ್ದು ಸದ್ಯಕ್ಕೆ ಉಳಿದಿದೆ. ಟೋಲ್‌ವೇ ಮೇಲೆ ಈಗ ಬೆಳಗಿನ ಟ್ರಾಫಿಕ್ ಕೂಡ ಕಮ್ಮಿ.

ನಿಮ್ಮ ಎತ್ತರದವನ ಬಗ್ಗೆ ಒಂದು ಮಾತು. ಏಳು ಜನರ ದವಡೆಗೆ ಗುದ್ದಿದವನು ಹ್ಯಾಟ್ ಸರಿಮಾಡಿಕೊಂಡು ಕುದುರೆ ಹತ್ತುವುದು ಟಿವಿಯಲ್ಲಿ ಮಾತ್ರ. ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು, ಗುದ್ದಿದವರ ಕೈ ದಿನಾ ನೋಡುತ್ತೇನೆ. ಕಿರುಬೆರಳಿನ ಬುಡದ ಮೂಳೆ ಮುರಿದಿರುತ್ತದೆ. ಈ ಚಳಿಗಾಲ ಅಂಥವರು ಜಾಸ್ತಿ. ಅವರು ಯಾರನ್ನೂ ಹೊಡೆದು ಬಂದವರಲ್ಲ. ಗೋಡೆಗೆ, ಗ್ಯಾರೇಜ್ ಬಾಗಿಲಿಗೆ, ಒಬ್ಬನಂತೂ ಫ್ರಿಜ್ಜಿಗೆ. "ಹೇಗಾಯ್ತು?" ಎಂದರೆ "ಐ ಫೆಲ್" ಅನ್ನುತ್ತಾರೆ. ಮುಷ್ಟಿ ಕಟ್ಟಿಕೊಂಡು ಯಾರೂ ಬೀಳುವುದಿಲ್ಲ. ನಾನು ಮತ್ತೆ ಕೇಳುವುದಿಲ್ಲ. ಫಿಲ್ಮಿನ ಪ್ಲೇಟನ್ನು ಕೈ ಕೆಳಗಿಟ್ಟು, "ಕೈ ಅಲ್ಲಾಡಿಸಬೇಡಿ" ಅನ್ನುತ್ತೇನೆ.

ಸುರೇಶನ ಕೈ ನೆಟ್ಟಗಿದೆ ತಾನೆ? ನೋಡಿಕೊಳ್ಳಿ.

ಹೊಡೆದಾಟದ ಸೀನು ಬಂದರೆ ನಾನು ಚಾನೆಲ್ ಬದಲಾಯಿಸುತ್ತೇನೆ. ಮೊದಲಿನಿಂದಲೂ ಹಾಗೆ.

ಇತಿ,
ನಿರುಪಮಾ

*

ಟ್ರಾಯ್
15 ಫೆಬ್ರವರಿ 1982

ನಿರುಪಮಾ,

ಸುರೇಶನ ಕೈ ನೆಟ್ಟಗಿದೆ. ನಿನ್ನ ಕಾಗದ ಬಂದ ದಿನ ಊಟಕ್ಕೆ ಕೂತಾಗ ಎರಡೂ ಕೈ ನೋಡಿದೆ. "ಯಾಕಪ್ಪಾ ಹಂಗ್ ನೋಡ್ತೀಯ?" ಅಂದ. "ಉಗುರು ಬೆಳದೈತೆ" ಅಂದೆ.

ಈಗ ಅವನು ದಿನಾ ಮೂರಕ್ಕೆ ಐದು ನಿಮಿಷ ಇರುವಾಗಲೇ ಮೇಲೆ ಬಂದು ಕೂರುತ್ತಾನೆ. ಮಾನ್ಯಾ ಸ್ಕೂಲಿನಿಂದ ಬಂದವಳು ಕೋಟು ಬಿಚ್ಚದೆ ನಡುವೆ ನುಗ್ಗುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಸುರೇಶ ನಡುವೆ ಕೂತು ಇಬ್ಬರಿಗೂ ತಿಳಿಸುತ್ತಾನೆ. ಹಾಗಾಗಿ ಅವನ ಬಾಯಿಂದ ಮಾತು ಬರುತ್ತಿದೆ.

ಒಂದು ಸಂಗತಿ ಕಂಡುಹಿಡಿದಿದ್ದೇನೆ, ನಿನಗೆ ಹೇಳಲೇಬೇಕು. ಹೋದ ತಿಂಗಳು ಒಬ್ಬ ಕಳ್ಳ ಮಹಡಿಯ ಕಟಕಟೆ ಮುರಿದುಕೊಂಡು ಕೆಳಗೆ ಬಿದ್ದ. ಬೀಳುವಾಗ ಅವನ ಹ್ಯಾಟು ಹಾರಿತು, ಕಿವಿ ಕಂಡಿತು. ಗಂಟುಗಟ್ಟಿದ ಕಿವಿ! ವರ್ಷಗಟ್ಟಲೆ ಎದುರಾಳಿಯ ತಲೆಗೆ ತಲೆ ಒತ್ತಿದವನಿಗೆ ಮಾತ್ರ ಹಾಗಾಗುವುದು. ನನ್ನ ಎಡಗಿವಿ ನೋಡಿದ್ದೀಯಲ್ಲ, ಹಾಗೇ. "ಸುರೇಶಾ, ಇವನು ನಮ್ಮವನು ಕಣೋ, ಕುಸ್ತಿ ಮಾಡಿದೋನು!" ಎಂದು ಕೂಗಿದೆ. ಅಂದಿನಿಂದ ಮೂವರೂ ಆ ಕಿವಿಯನ್ನೇ ಹುಡುಕುತ್ತೇವೆ. ಒಂದು ದಿನ ಮೀಸೆ ಅಂಟಿಸಿಕೊಂಡು ಕುದುರೆಯಿಂದ ಬಿದ್ದ. ಇನ್ನೊಂದು ದಿನ ಸೋಲ್ಜರನ ವೇಷ, ಮೆಟ್ಟಿಲ ಮೇಲಿಂದ ಹಿಂದುಮುಂದಾಗಿ ಉರುಳಿದ. ಎತ್ತರದವನ ಬದಲಿಗೆ ಅವನದೇ ಅಂಗಿ ತೊಟ್ಟು ಹೊಳೆಗೆ ಬಿದ್ದದ್ದೂ ಇವನೇ. ಬೆನ್ನು ಮಾತ್ರ ತೋರಿಸಿದ್ದರು, ಮಾನ್ಯಾ ಹಿಡಿದುಬಿಟ್ಟಳು: "ಅಜ್ಜಾ, ದಿ ಇಯರ್!"

ಅವನು ಬೀಳುವುದನ್ನು ನೋಡಬೇಕು ನಿರುಪಮಾ. ಗದ್ದ ಎದೆಗೆ ಒತ್ತಿರುತ್ತಾನೆ. ಭುಜ ಮೊದಲು, ಆಮೇಲೆ ಬೆನ್ನು, ಕೈ ಅಗಲಿಸಿ ನೆಲಕ್ಕೆ ಚಟೀರ್ ಎಂದು ಬಡಿಯುತ್ತಾನೆ, ಪೆಟ್ಟೆಲ್ಲ ನೆಲಕ್ಕೆ. ಗೆದ್ದವನ ಹೆಸರು ದೊಡ್ಡದಾಗಿ ಬರುತ್ತದೆ. ಇವನದು ಎಲ್ಲೂ ಇಲ್ಲ. ಆದರೆ ಇವನು ಹೀಗೆ ಬೀಳದಿದ್ದರೆ ಆ ಎತ್ತರದವನ ಗುದ್ದಿಗೆ ಏನು ಬೆಲೆ?

ಅವನಿಗೊಂದು ಕಾಗದ ಬರೆಯೋಣ ಅಂದೆ. ಸುರೇಶ ನಕ್ಕ. ಆಮೇಲೆ ಕೆಳಗಿನಿಂದ ಟೈಪ್‌ರೈಟರ್ ಹೊತ್ತು ತಂದು ಧೂಳು ಒರೆಸಿದ. ಡಿಸೆಂಬರ್‌ನಿಂದ ಅದರ ಮುಚ್ಚಳ ತೆಗೆದಿರಲಿಲ್ಲ. ನಾನು ಹೇಳಿದೆ, ಅವನು ಇಂಗ್ಲಿಷಿಗೆ ತಿರುಗಿಸಿ ಹೊಡೆದ. "ಸ್ವಾಮಿ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಕಿವಿಯಿಂದ ನಿಮ್ಮನ್ನು ಗುರುತಿಸಿದೆ. ಒಂಬತ್ತು ಸಲ ಬಿದ್ದಿರಿ, ಒಂಬತ್ತು ಸಲವೂ ಸರಿಯಾಗಿ ಬಿದ್ದಿರಿ. ನಮ್ಮ ಮನೆಯಲ್ಲಿ ನಗು ನಿಂತುಹೋಗಿತ್ತು. ನಿಮ್ಮಿಂದ ಮತ್ತೆ ಶುರುವಾಗಿದೆ. ನೀವು ಬದುಕಿದ್ದರೆ ಆರೋಗ್ಯವಾಗಿರಿ." ಟಿವಿ ಸ್ಟೇಷನ್ನಿನ ವಿಳಾಸಕ್ಕೆ ಹಾಕಿದೆವು. ಅದು ಅವನಿಗೆ ಮುಟ್ಟುತ್ತದೆಂಬ ಆಸೆ ನನಗಿಲ್ಲ.

ಮಾರನೆಯ ದಿನ ಬೆಳಗ್ಗೆಯೂ ಟೈಪ್‌ರೈಟರಿನ ಸದ್ದು. ಇಣುಕಿದೆ. "ಆನ್ ಆರ್ಬರಲ್ಲಿ ಒಂದು ಕೆಲ್ಸಕ್ಕೆ ಅಪ್ಲೈ ಮಾಡ್ತಿದೀನಪ್ಪ, ಸಿಗತ್ತೋ ಇಲ್ವೋ" ಅಂದ. ಆಮೇಲೆ, ತಿರುಗದೆಯೇ, "ಹೆಸ್ರೇ ಗೊತ್ತಿಲ್ದೋರಿಗೆ ಇಷ್ಟುದ್ದ ಬರೆಸ್ದೆ. ಅಕ್ಕನ ಹತ್ರ ಮಾತಾಡೋದು ಬರೀ ಚಳಿ ವಿಷ್ಯ" ಅಂದ.

ನಾನು ಕವರು, ಸ್ಟಾಂಪು ತೆಗೆದುಕೊಂಡು ಕೂತೆ.

ಶಿವರಾಮು

*

ಟ್ರಾಯ್
8 ಮಾರ್ಚ್ 1982

ನಿರುಪಮಾ,

ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆದಿಲ್ಲ. ಬರೆಯುವಂಥದ್ದನ್ನು ನಾನು ಬರೆದಿರಲಿಲ್ಲ. ಈಗ ಬರೆಯುತ್ತೇನೆ.

ಗುರುವಾರದ ಕಥೆಯಲ್ಲಿ ಊಟದ ಹೋಟೆಲು ನಡೆಸುವ ಒಬ್ಬ ಹೆಂಗಸು. ಊರಿನ ಅರ್ಧ ಭೂಮಿಯ ಒಡೆಯನ ಮಗ ಅವಳ ಕೈ ಹಿಡಿದು ಎಳೆದ. ಅವಳು ಕುದಿಯುವ ಕಾಫಿಯನ್ನು ಅವನ ಕೈಮೇಲೆ ಸುರಿದಳು. ಸಂಜೆ ಅಪ್ಪ ಆಳುಗಳನ್ನು ಕಟ್ಟಿಕೊಂಡು ಬಂದು, ಅವಳು ಎಲ್ಲರ ಮುಂದೆ ಕ್ಷಮೆ ಕೇಳಬೇಕು ಅಂದ. ಆ ಊರಿನ ಶೆರಿಫ್‌ಗೆ ಸಂಬಳ ಕೊಡಿಸುವವನೂ ಅವನೇ. ಶೆರಿಫ್ ಎದೆಯ ಮೇಲಿನ ಪೊಲೀಸ್ ನಕ್ಷತ್ರದ ಬಿಲ್ಲೆ ಕಿತ್ತು ಮೇಜಿನ ಮೇಲಿಟ್ಟು, ಹೋಗಿ ಅವಳ ಪಕ್ಕದಲ್ಲಿ ನಿಂತ. ನಾಲ್ಕು ಜನ ಅವನನ್ನು ಬಡಿದರು. ಈ ಸಲ ಪಿಯಾನೊ ಇರಲಿಲ್ಲ, ನಗುವಂಥದ್ದೇನೂ ಇರಲಿಲ್ಲ. ಅವನಿಗೆ ಹೊಡೆದಾಟ ಬರುವುದಿಲ್ಲ ನಿರುಪಮಾ, ಕೈಯೆತ್ತುವುದೂ ಸರಿಯಾಗಿ ಗೊತ್ತಿಲ್ಲ. ಸೋತ. ಬೀದಿಯಲ್ಲಿ ಬಿದ್ದಿದ್ದ. ಆದರೆ ಅವಳು ಕ್ಷಮೆ ಕೇಳಲಿಲ್ಲ.

ನಾನು ಎದ್ದು ನಿಂತುಬಿಟ್ಟಿದ್ದೆ. ಮಾನ್ಯಾ ನನ್ನ ಅಂಗಿ ಜಗ್ಗಿ ಏನೋ ಕೇಳಿದಳು. ಸುರೇಶ ಅವಳನ್ನು ಎತ್ತಿಕೊಂಡು ಒಳಗೆ ಹೋದ.

ನಿನಗೆ ಹದಿನಾರು ವರ್ಷ. ಹೈಸ್ಕೂಲಿನ ಹಿಂದಿನ ಓಣಿಯಲ್ಲಿ ರುದ್ರಮ್ಮನವರ ಮಗ ಮಾಧವ ನಿನ್ನ ಕೈ ಹಿಡಿದ. ನೀನು ಅವನನ್ನು ಬೆನ್ನಮೇಲೆ ಏರಿಸಿ ನೆಲಕ್ಕೆ ಒಗೆದೆ. ಅವನ ಭುಜದ ಮೂಳೆ ಮುರಿಯಿತು. ಹುಡುಗರಿಗೆ ಆರು ತಿಂಗಳು ತೀಡಿದರೂ ಬಾರದ ಪಟ್ಟು ಅದು. ನೀನು ಗರಡಿಯ ಹಿಂದಿನ ಕಿಟಕಿಯಿಂದ ಕದ್ದು ನೋಡಿ ಕಲಿತಿದ್ದೆ. ಮಾಧವನ ಅಪ್ಪ ನನ್ನ ಫೋರ್‌ಮನ್. ಆ ವರ್ಷ ವರ್ಕ್‌ಶಾಪಿನಲ್ಲಿ ಜನರನ್ನು ತೆಗೆಯುತ್ತಾರೆಂಬ ಸುದ್ದಿ ಇತ್ತು. ಅವರ ಮನೆಯ ಜಗಲಿಯ ಮೇಲೆ ಹತ್ತು ಜನರ ಮುಂದೆ ರುದ್ರಮ್ಮನವರ ಕಾಲು ಮುಟ್ಟಿಸಿ, ತಪ್ಪು ನನ್ನದೇ ಎಂದು ನಿನ್ನ ಬಾಯಲ್ಲಿ ಹೇಳಿಸಿದೆ. ಮಾರನೆಯ ದಿನ ಆ ಕಿಟಕಿಗೆ ಹಲಗೆ ಹೊಡೆದೆ.

ನಿನಗೆ ಬುದ್ಧಿ ಕಲಿಸಿದೆ ಎಂದು ಹತ್ತೊಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಕೆಲಸ ಹೋದರೆ ಏನು ಗತಿ ಎಂಬ ಭಯ, ಅಷ್ಟೇ. ಈಗ ಕೆಲಸ ಹೋದ ಮಗನ ಮನೆಯಲ್ಲೇ ಇದ್ದೇನೆ. ಮನೆಯೇನೂ ಮುಳುಗಿಲ್ಲ. ಅನ್ನ ಬೇಯುತ್ತಿದೆ, ಮಗು ಆಡುತ್ತಿದೆ. ಆ ಭಯಕ್ಕೆ ನಾನು ನಿನ್ನನ್ನು ಕೊಟ್ಟೆ.

ತಪ್ಪು ನನ್ನದು. ನಿನ್ನ ಪಟ್ಟು ಸರಿಯಾಗಿತ್ತು. ಆವತ್ತೇ ಹೇಳಬೇಕಿತ್ತು.

ಅಪ್ಪ

*

ಲಿಸ್ಲ್
2 ಏಪ್ರಿಲ್ 1982

ಅಪ್ಪನಿಗೆ,

ನಿಮ್ಮ ಕಾಗದವನ್ನು ಕೆಲಸಕ್ಕೆ ಒಯ್ದು, ಫಿಲ್ಮ್ ತೊಳೆಯುವ ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಓದಿದೆ. ಒಳಗೆ ಯಾರೂ ಬರುವಂತಿಲ್ಲ, ಬಂದರೆ ಫಿಲ್ಮ್ ಹಾಳಾಗುತ್ತದೆ. ಮೂರು ಸಲ ಓದಿದೆ. ಹೊರಗೆ ಬಂದಾಗ ಜೊತೆಯವಳು, "ಆರ್ ಯೂ ಓಕೇ?" ಅಂದಳು. ಕೆಮಿಕಲ್ ವಾಸನೆ ಅಂದೆ. ಶ್ರೀಧರ್‌ಗೂ ಆ ರಾತ್ರಿಯೇ ಮೊದಲ ಸಲ ಹೇಳಿದ್ದು. ಅವರು ತಟ್ಟೆ ಪಕ್ಕಕ್ಕಿಟ್ಟು ಪೂರ್ತಿ ಕೇಳಿದರು.

ಕಾಲು ಮುಟ್ಟಿದ್ದು ನನಗೆ ಅಷ್ಟು ನೋಯಲಿಲ್ಲ. ಅಲ್ಲಿಂದ ಮನೆಗೆ ನಡೆದು ಬರುವಾಗ ನೀವು ಒಂದು ಮಾತೂ ಆಡಲಿಲ್ಲ. ನನ್ನ ಮಣಿಕಟ್ಟು ಊದಿಕೊಂಡಿತ್ತು, ಅವನು ಹಿಡಿದಿದ್ದ ಕಡೆ. ಗರಡಿಯಲ್ಲಿ ಯಾರ ಕೈ ಉಳುಕಿದರೂ ನೀವೇ ಎಣ್ಣೆ ಹಚ್ಚಿ ನೀವುತ್ತಿದ್ದಿರಿ. ನನ್ನದನ್ನು ನೋಡುತ್ತೀರೇನೋ ಎಂದು ಬೀದಿ ಕೊನೆಯವರೆಗೂ ಕಾದೆ.

ನೀವು ಬರೆದಿರಿ. ನಿಮ್ಮ ವಯಸ್ಸಿನವರು ಮಕ್ಕಳಿಗೆ ಹೀಗೆ ಬರೆದದ್ದನ್ನು ನಾನು ಕಂಡಿಲ್ಲ. ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯುತ್ತಿಲ್ಲ, ತಿಳಿದಾಗ ಹೇಳುತ್ತೇನೆ. ಆದರೆ ಹತ್ತು ಜನರೆದುರು ಆದದ್ದನ್ನು ನನಗೊಬ್ಬಳಿಗೇ ಹೇಳಿದರೆ ಸಾಲದು. ರುದ್ರಮ್ಮನವರ ಮನೆಗೂ ಬರೆಯಿರಿ. ಇದು ಕೋಪದ ಮಾತಲ್ಲ. ಕೇಳಿಕೊಳ್ಳುತ್ತಿದ್ದೇನೆ.

ನಿರುಪಮಾ

*

ಮೈಸೂರು
6 ಮೇ 1982

ಮಗಳು ನಿರುಪಮಾಗೆ ರುದ್ರಮ್ಮ ಹೇಳಿ ಬರೆಸುವ ಕಾಗದ.

ನಿಮ್ಮ ತಂದೆ ಅಮೇರಿಕಾದಿಂದ ಬರೆದಿದ್ದರು, ನಿನ್ನ ವಿಳಾಸ ಕೊಟ್ಟಿದ್ದರು. ಯಜಮಾನರು ತೀರಿಕೊಂಡು ಏಳು ವರ್ಷವಾಯಿತು. ನನಗೆ ಕಣ್ಣು ಮಂಜು. ಅವರ ಕಾಗದವನ್ನು ನನ್ನ ಸೊಸೆ ನೀಲಮ್ಮ ಓದಿ ಹೇಳಿದಳು, ಇದನ್ನೂ ಅವಳೇ ಬರೆಯುತ್ತಿದ್ದಾಳೆ. ಅವಳು ಮಾಧವನ ಹೆಂಡತಿ. ಓದುವಾಗ ನಿಲ್ಲಿಸು ಅಂದೆ, ಅವಳು ನಿಲ್ಲಿಸಲಿಲ್ಲ.

ಮಗಳೇ, ನನಗೆ ಆವತ್ತೇ ಗೊತ್ತಿತ್ತು. ನೀವು ಬರುವ ಮುಂಚೆಯೇ ಮಾಧವ ಅಡಿಗೆಮನೆಯಲ್ಲಿ ಅತ್ತುಕೊಂಡು, "ಅಮ್ಮಾ, ಮೊದ್ಲು ನಾನೇ ಕೈ ಹಿಡ್ದೆ" ಅಂದಿದ್ದ. ಆದರೂ ನೀನು ಕಾಲಿಗೆ ಬಗ್ಗಿದಾಗ ನಾನು ಸುಮ್ಮನೆ ನಿಂತೆ. ಯಜಮಾನರು ಮಾತಾಡಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನಿನ್ನ ಕೈ ನನ್ನ ಪಾದಕ್ಕೆ ತಗುಲಿದ್ದು ಈಗಲೂ ಗೊತ್ತಾಗುತ್ತದೆ.

ಅವನಪ್ಪನ ಬೆಲ್ಟಿಗೆ ಬಗ್ಗದ ಹುಡುಗ ಆ ದಿನದಿಂದ ಯಾರ ಮಗಳ ತಂಟೆಗೂ ಹೋಗಲಿಲ್ಲ. ಅದಕ್ಕೆ ನಿನಗೆ ಕೈಮುಗಿಯಬೇಕಿತ್ತು, ಕಾಲು ಮುಟ್ಟಿಸಿಕೊಂಡೆ. ಈ ವಿಷಯ ಈಗ ನಮ್ಮ ಬೀದಿಯಲ್ಲೂ ಹೇಳಿದ್ದೇನೆ. ಜಗಲಿಯ ಮೇಲೆ ಕೂತೇ ಹೇಳಿದೆ. ಮಾಧವ ಒಳಗೆ ಇದ್ದ. ಬಾಗಿಲಿಗೆ ಬಂದು, "ಹೌದು, ನಿಜ" ಅಂದ.

ನೀನು ನೂರು ವರ್ಷ ಬಾಳು.

ರುದ್ರಮ್ಮ

(ಇದು ನನ್ನ ಮಾತು: ಕಾಗದ ಬರೆಯುತ್ತಾ ನನಗೆ ಸಿಟ್ಟೂ ಬಂತು, ಹಗುರವೂ ಆಯಿತು. ನನಗೂ ಬೆಳೆದ ಮಗಳಿದ್ದಾಳೆ, ಸೈಕಲ್‌ನಲ್ಲಿ ಸ್ಕೂಲಿಗೆ ಹೋಗುತ್ತಾಳೆ. ಅವಳಿಗೆ ನಿಮ್ಮ ಹೆಸರು ಹೇಳಿದ್ದೇನೆ. ನೀಲಮ್ಮ)

*

ಲಿಸ್ಲ್
20 ಮೇ 1982

ಅಪ್ಪಾ,

ನಿನ್ನೆ ರುದ್ರಮ್ಮನವರ ಕಾಗದ ಬಂತು. ಇದರ ಜೊತೆ ಕಾಪಿ ಇಟ್ಟಿದ್ದೇನೆ, ಓದು. ನೀನು ಅವರಿಗೆ ಏನು ಬರೆದೆಯೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಅದನ್ನು ಬರೆಯಲು ನಿನಗೆ ಎಷ್ಟು ದಿನ ಹಿಡಿಯಿತು ಎಂದು ನಿನ್ನ ಸೊಸೆ ಫೋನಿನಲ್ಲಿ ಹೇಳಿದಳು. ಹದಿನೈದು ಹಾಳೆ ಹರಿದೆಯಂತೆ.

ಸುರೇಶನೂ ಮಾತಾಡಿದ. ಆನ್ ಆರ್ಬರಿನ ಕೆಲಸ ಸಿಕ್ಕಿದೆಯಂತೆ. ಆರು ತಿಂಗಳದ್ದೇ ಆದರೂ ಅವನ ದನಿಯೇ ಬೇರೆಯಾಗಿತ್ತು. ಹೋಗಿ ಬರಲು ದಿನಾ ತೊಂಬತ್ತು ಮೈಲಿ ಡ್ರೈವ್, ಮಾಡುವುದು ಕಾಲಿಲ್ಲದವರಿಗೆ ಕಟ್ಟುವ ಕಾಲುಗಳ ಡ್ರಾಯಿಂಗು. "ಕಾರಿನ ಬಂಪರ್‌ಗಿಂತ ಇದು ಕಷ್ಟ ಅಕ್ಕ, ಒಂದೊಂದೂ ಬೇರೆ" ಎಂದು ಇಪ್ಪತ್ತು ನಿಮಿಷ ವಿವರಿಸಿದ. ನಾನು ಬಿಲ್ಲಿನ ಯೋಚನೆ ಮಾಡಲಿಲ್ಲ.

ಏನೆನ್ನಬೇಕೋ ತಿಳಿದಾಗ ಹೇಳುತ್ತೇನೆ ಅಂದಿದ್ದೆನಲ್ಲ. ಯೋಚಿಸಿ ನೋಡಿದೆ. ಆ ಪಟ್ಟು ಕಲಿತದ್ದು ನಿನ್ನಿಂದ. ನೀನು ಕಲಿಸದಿದ್ದರೂ ನಿನ್ನಿಂದಲೇ. ಆ ಓಣಿಯಲ್ಲಿ ನನ್ನನ್ನು ಕಾಪಾಡಿದ್ದೂ ಅದೇ. ಜಗಲಿಯದ್ದನ್ನು ನೆನಪಿಟ್ಟುಕೊಂಡು ಇದನ್ನು ಮರೆತಿದ್ದೆ. ಎರಡೂ ನಿಜ. ಇವತ್ತಿಗೆ ಇದನ್ನು ಮೊದಲು ಹೇಳುತ್ತೇನೆ: ಥ್ಯಾಂಕ್ಸ್ ಅಪ್ಪ.

ಮೆಮೋರಿಯಲ್ ಡೇ ರಜಕ್ಕೆ ನಾವು ಮೂವರೂ ಟ್ರಾಯ್‌ಗೆ ಬರುತ್ತೇವೆ. ಶುಕ್ರವಾರ ಮಧ್ಯಾಹ್ನವೇ ಹೊರಡುತ್ತೇವೆ, ಊಟಕ್ಕೆ ಕಾಯಬೇಡಿ. ವಾಪಸು ಬರುವಾಗ ನಿನ್ನನ್ನು ಕರೆದುಕೊಂಡೇ ಬರುವುದು. ಇಲ್ಲಿ ಎಷ್ಟು ದಿನ ಬೇಕಾದರೂ ಇರು.

ಇನ್ನೊಂದು. ನಿನ್ನೆ ಸಂಜೆ ಧೃತಿ ರುದ್ರಮ್ಮನವರ ಆ ಏರೋಗ್ರಾಮ್ ಕಾಗದ ಹಿಡಿದುಕೊಂಡು ಬಂದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಸ್ಟಾಂಪಿಗಾಗಿ. ಯಾರದು ಎಂದು ಕೇಳಿದಳು. ಅಡಿಗೆಮನೆಯ ನೆಲದ ಮೇಲೆ ಕೂತು ಮೊದಲಿನಿಂದ ಹೇಳಿದೆ. ಓಣಿ, ಮಾಧವ, ಜಗಲಿ, ಎಲ್ಲ. ಎಂಟು ವರ್ಷದವಳಿಗೆ ಎಷ್ಟು ತಿಳಿಯಿತೋ. ಅವಳು ಸ್ಟಾಂಪಿನ ಮೇಲೆ ಬೆರಳಾಡಿಸುತ್ತಾ, "ಸೋ, ಡಿಡ್ ಯೂ ವಿನ್?" ಎಂದು ಕೇಳಿದಳು.

ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಹೂಂ ಕಣೆ, ಗೆದ್ದೆ" ಅಂದೆ.

ನಿನ್ನ
ನಿರುಪಮಾ